ಮಗುಚಿದ ಹಿತ್ತಾಳೆ ಬೆಣೆ

ಲೋಮ್‌ಶೋನ್ ಕೆರೆಯ ಮೇಲೆ ಜುಲೈ ಮುಗಿಯುವವರೆಗೆ ಯಾರೂ ಎಂಜಿನ್ ಸದ್ದು ಮಾಡುವಂತಿರಲಿಲ್ಲ. ಲೋಮ್ ಹಕ್ಕಿ ಜೊಂಡಿನ ಅಂಚಿನಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಆ ಮರಿಗಳು ಮುಳುಗು ಹಾಕುವುದನ್ನು ಕಲಿಯುವ ತನಕ ಕೆರೆ ಹಕ್ಕಿಯದು. ಆಗಸ್ಟ್ ಹುಟ್ಟಿದ ಮೇಲೆ ಮಾದರಿ ವಿಮಾನ ಹಾರಿಸುವ ಕ್ಲಬ್ಬಿನವರದು. ದಡ ಹೆಪ್ಪುಗಟ್ಟುವುದರೊಳಗೆ ಹತ್ತು ಹನ್ನೆರಡು ಭಾನುವಾರ ಸಿಕ್ಕರೆ ಪುಣ್ಯ. ಅಷ್ಟರಲ್ಲೇ ತಮ್ಮ ತಮ್ಮ ಪುಟ್ಟ ನೀರುವಿಮಾನಗಳನ್ನು ಹಾರಿಸಬೇಕು, ಮುಳುಗಿಸಬೇಕು, ಒಣಗಿಸಬೇಕು, ಮತ್ತೆ ಹಾರಿಸಬೇಕು.

ಮುಳುಗಿದ್ದನ್ನು ಎತ್ತಿ ತರುವ ಕೆಲಸ ಗುನ್‌ವೊರ್‌ಳದು. ದೋಣಿ ಅವಳದು, ಹುಟ್ಟು ಹಾಕುವ ತೋಳೂ ಅವಳದೇ. ವಾರವೆಲ್ಲ ಸುತ್ತಲ ಹಟ್ಟಿಗಳಲ್ಲಿ ಹಸುಗಳ ಗೊರಸು ಕೊಯ್ಯುವ ಹೆಂಗಸಿಗೆ ಹುಟ್ಟು ಒಂದು ಭಾರವೇ ಅಲ್ಲ. ನೀರಿನಲ್ಲಿ ದೋಣಿ ಇಲ್ಲದೆ ಯಾರೂ ವಿಮಾನ ಬಿಡಬಾರದು ಎನ್ನುವುದು ಕ್ಲಬ್ಬಿನ ಕಟ್ಟಳೆ. ಆದ್ದರಿಂದ ಹನ್ನೊಂದು ವರ್ಷ ಪ್ರತಿ ಭಾನುವಾರವೂ ಅವಳು ದೋಣಿಯಲ್ಲಿ ಕೂತಿದ್ದಳು. ಗಂಡಸರು ದಡದ ಹಲಗೆಕಟ್ಟೆಯ ಮೇಲೆ ನಿಂತು, ಕೈಯಲ್ಲಿನ ರೇಡಿಯೋ ಪೆಟ್ಟಿಗೆಯ ಕಡ್ಡಿಗಳನ್ನು ಆಡಿಸಿ ಹಾರಿಸುತ್ತಿದ್ದರು. ಅವಳು ಒದ್ದೆ ರೆಕ್ಕೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಎಂಜಿನ್ನಿನೊಳಗಿನ ಕೆರೆನೀರು ಬಸಿದು, ದಡಕ್ಕೆ ತಲುಪಿಸುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವಳು ತನ್ನದೇ ಒಂದು ವಿಮಾನ ಕಟ್ಟಿದಳು. ಅದರ ಎಂಜಿನ್ ಮೂಗಿನಲ್ಲಿರಲಿಲ್ಲ. ರೆಕ್ಕೆಯ ನಡುವೆ ಗೇಣುದ್ದದ ಕಂಬ ನೆಟ್ಟು, ಅದರ ತಲೆಯ ಮೇಲೆ, ಪಂಖ ಮುಂದಕ್ಕೆ ಮಾಡಿ ಕೂರಿಸಿದ್ದಳು. ಹೊಟ್ಟೆ ದೋಣಿಯ ಹಾಗೆ, ಎಂಜಿನ್ ನೀರಿನಿಂದ ಆದಷ್ಟು ಮೇಲೆ. ಹನ್ನೊಂದು ವರ್ಷ ಬೇರೆಯವರ ಎಂಜಿನ್ನಿನಿಂದ ನೀರು ಬಸಿದವಳು ಮತ್ತೇನು ಮಾಡಿಯಾಳು?

ಕ್ಲಬ್ಬಿನಲ್ಲಿ ಹಾರಿಸುವವರ ಸಾಲಿಗೆ ಸೇರಬೇಕಾದರೆ ಆಗಸ್ಟಿನ ಕೊನೆಯ ಭಾನುವಾರ ಪರೀಕ್ಷೆ ಕೊಡಬೇಕು. ಮೂರು ಸಲ ನೀರಿನಿಂದ ಏಳಬೇಕು, ಮೂರು ಸಲ ನೀರಿಗೆ ಇಳಿಯಬೇಕು. ಮೂರನೆಯ ಸಲ ಮೇಲಿರುವಾಗ ಎಂಜಿನ್ನಿನ ವೇಗ ತಗ್ಗಿಸಿ, ಬೇರೆ ಕಡ್ಡಿಗಳಿಂದ ಕೈ ತೆಗೆದು, ಮತ್ತೆ ಎಂಜಿನ್ ಏರಿಸಬೇಕು. ಅಷ್ಟು ಹೊತ್ತು ವಿಮಾನ ತಾನಾಗಿಯೇ ನೆಟ್ಟಗೆ ಹೋಗಬೇಕು. ತಪ್ಪಿದರೆ ಮುಂದಿನ ವರ್ಷ. ಅಲ್ಲಿಯವರೆಗೆ ದೋಣಿ.

ಪರೀಕ್ಷೆ ಮಾಡುವವನು ಅರ್ವಿಡ್. ರೈಲ್ವೆಯಲ್ಲಿ ನಲವತ್ತು ವರ್ಷ ಲೇತ್ ತಿರುಗಿಸಿದ ಮುದುಕ. ಕ್ಲಬ್ಬಿನ ಪ್ರತಿಯೊಂದು ವಿಮಾನದಲ್ಲೂ ಅವನು ಮಾಡಿಕೊಟ್ಟ ಒಂದು ಹಿತ್ತಾಳೆ ಬೆಣೆ ಇರುತ್ತಿತ್ತು. ಎಂಜಿನ್ನಿಗೂ ಅದು ಆತುಕೊಂಡ ಹಲಗೆಗೂ ನಡುವೆ ಸಿಕ್ಕಿಸುವ ಅಂಗೈಯಗಲದ ಚೌಕ ತಗಡು. ಎಂಜಿನ್ ನೆಟ್ಟಗೆ ಮುಂದಕ್ಕೆ ನೋಡಿದರೆ ವಿಮಾನ ನೆಟ್ಟಗೆ ಹೋಗುವುದಿಲ್ಲ. ಎರಡು ಡಿಗ್ರಿ ಕೆಳಗೆ, ಎರಡು ಡಿಗ್ರಿ ಬಲಕ್ಕೆ ನೋಡಬೇಕು. ಆ ಓರೆಯನ್ನೆಲ್ಲ ಅರ್ವಿಡ್ ಬೆಣೆಯಲ್ಲೇ ಉಜ್ಜಿ ಕೂರಿಸುತ್ತಿದ್ದ: ಮೇಲಂಚು ದಪ್ಪ, ಕೆಳಗಂಚು ತೆಳು, ಎಡ ದಪ್ಪ, ಬಲ ತೆಳು. ಎಂಜಿನ್ನಿನ ಕಡೆಯ ಮುಖದಲ್ಲಿ, ಅಂಚಿಗೆ, ವಿಮಾನದ ಯಜಮಾನನ ಹೆಸರನ್ನು ಒಂದೊಂದೇ ಅಕ್ಷರ ಅಚ್ಚು ಹೊಡೆದಿರುತ್ತಿದ್ದ. ಅವನ ಬೆಣೆ ಸಿಕ್ಕಿತೆಂದರೆ ಅರ್ಧ ಕ್ಲಬ್ಬು ಒಪ್ಪಿಕೊಂಡ ಹಾಗೆ. ಈಸ್ಟರ್ ಹಬ್ಬದಲ್ಲಿ ಗುನ್‌ವೊರ್‌ಗೂ ಒಂದು ಕೊಟ್ಟಿದ್ದ. ಅವಳು ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಒಂದು ವಾರ ಇಟ್ಟುಕೊಂಡು ನೋಡಿದ್ದಳು.

ಆಗಸ್ಟಿನ ಮೊದಲ ಭಾನುವಾರ, ದೋಣಿಯನ್ನು ಹಲಗೆಕಟ್ಟೆಗೆ ಕಟ್ಟಿ, ಅವಳು ತನ್ನ ವಿಮಾನವನ್ನು ನೀರಿಗಿಳಿಸಿದಳು. ಮೆಲ್ಲಗೆ ಓಡಿಸುವಾಗ ಬಾತುಕೋಳಿಯಂತೆ ಚೆನ್ನಾಗಿಯೇ ಹೋಯಿತು. ಏಳಿಸೋಣವೆಂದು ಪೂರ್ತಿ ರೇಸ್ ಕೊಟ್ಟಳು. ಮೂಗು ತಗ್ಗಿತು. ಇನ್ನೂ ತಗ್ಗಿತು. ಹಿಂದಿನ ಬಾಲ ಮೇಲೆದ್ದು, ಮುಂದಿನ ಅರ್ಧ ನೀರೊಳಗೆ ನುಗ್ಗಿ, ಪಂಖ ನೀರು ಹೊಡೆದು ನಿಂತುಹೋಯಿತು.

"ಏಳ್ಸು ಅಂದ್ರೆ ಮೀನು ಹಿಡಿಯೋಕೆ ಕಳಿಸ್ತಿದೀಯಲ್ಲೇ!" ಎಂದು ಕೂಗಿದವನು ಹೆಲ್ಮೆರ್. ಮರ ಕೊಯ್ಯುವ ಮಿಲ್ಲಿನವನು, ಬಾಯಿಯೂ ಗರಗಸವೇ. "ಸಿಕ್ಕಿದ್ರೆ ನಂಗೂ ಒಂದು ಕೊಡು."

"ನಿಂಗೆ ಬೇಯ್ಸೋಕೆ ಬರಲ್ಲ," ಎಂದು ಗುನ್‌ವೊರ್ ದೋಣಿಗೆ ಇಳಿದಳು. ತನ್ನ ವಿಮಾನವನ್ನು ತಾನೇ ಎತ್ತಿ ತಂದಳು.

ಅರ್ವಿಡ್ ವಿಮಾನದ ಬಾಲ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ. ಆ ಊರಿನಲ್ಲಿ ಪಾದ್ರಿಗೂ ಏಕವಚನವೇ. ಆದರೂ ಅರ್ವಿಡನ ಮುಂದೆ ಎಲ್ಲರ ದನಿ ಸ್ವಲ್ಪ ಇಳಿಯುತ್ತಿತ್ತು.

"ಬೆಣೆ ಸರಿ ಇದೆ," ಎಂದ. "ನಿನ್ನ ಕೈ ಹೊಸದು ಹುಡುಗಿ. ಕಡ್ಡಿ ಇನ್ನೂ ಎಳೀಬೇಕು."

ನಲವತ್ತೊಂಬತ್ತರ ಹುಡುಗಿ ಇನ್ನೂ ಎಳೆದಳು. ಆ ದಿನ ನಾಲ್ಕು ಸಲ ಎಳೆದಳು, ನಾಲ್ಕು ಸಲ ಮುಳುಗಿತು.

ಸೋಮವಾರ ಬೆಳಿಗ್ಗೆ ಒಂದು ಹಟ್ಟಿಯಲ್ಲಿ ಅವಳು ಕುಂಟುವ ಹಸುವೊಂದನ್ನು ನೋಡುತ್ತ ನಿಂತಿದ್ದಳು. ಯಜಮಾನ ಕಾಲು ಎತ್ತಿ ಕಟ್ಟಲು ಹಗ್ಗ ತಂದ.

"ಇರು, ಕಟ್ಬೇಡ," ಎಂದಳು. "ಮೊದ್ಲು ನಡೆಸು."

"ನಡೆಸಿ ಏನು ನೋಡ್ತೀಯ? ಗೊರಸು ಕಾಣ್ತಾ ಇದೆಯಲ್ಲ."

"ನಿಂತಾಗ ಎಲ್ಲಾ ಗೊರಸೂ ಒಳ್ಳೇವೇ. ಭಾರ ಬಿದ್ದಾಗ ಯಾವ ಕಡೆ ವಾಲುತ್ತೆ ಅಂತ ನೋಡ್ಬೇಕು."

ಹಸು ಕಾಂಕ್ರೀಟಿನ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆಯಿತು. ಮೂವತ್ತು ವರ್ಷ ಅವಳು ಮಾಡಿದ್ದು ಇದನ್ನೇ. ಗೊರಸಿನ ಕೆಳಗೆ ಯಾವ ಬದಿಗೆ ಎಷ್ಟು ದಪ್ಪದ ಮರದ ತುಂಡು ಅಂಟಿಸಬೇಕು ಎಂಬುದನ್ನು ಅಳತೆಪಟ್ಟಿ ಹೇಳುವುದಿಲ್ಲ, ನಡೆ ಹೇಳುತ್ತದೆ. ಅಲ್ಲೇ ಅವಳಿಗೆ ತನ್ನ ವಿಮಾನದ ನಡೆ ಕಣ್ಣ ಮುಂದೆ ಬಂತು. ಮೆಲ್ಲಗೆ ಹೋಗುವಾಗ ನೆಟ್ಟಗಿತ್ತು. ರೇಸ್ ಕೊಟ್ಟಾಗ ಮಾತ್ರ ಮುಗ್ಗರಿಸಿತು. ಕೈ ಹೊಸದಾದರೆ ಎರಡರಲ್ಲೂ ತಪ್ಪಬೇಕಿತ್ತಲ್ಲ?

ಕೆಲಸ ಮುಗಿಸಿ, ಕೈ ತೊಳೆಯುವ ಮೊದಲೇ, ವ್ಯಾನಿನಲ್ಲಿದ್ದ ವಿಮಾನ ತಂದು ದನಗಳ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟಳು. ಒಂದು ಬೆರಳಿನಿಂದ ಹೊಟ್ಟೆಯನ್ನು ಹಿಂದಿನಿಂದ ತಳ್ಳಿದಳು. ವಿಮಾನ ಸುಮ್ಮನೆ ಮುಂದೆ ಹೋಯಿತು. ಅದೇ ಬೆರಳಿನಿಂದ ಕಂಬದ ತಲೆಯನ್ನು ತಳ್ಳಿದಳು. ಮೂಗು ಗುಳುಕ್ಕೆಂದು ಮುಳುಗಿತು. ಬೀರುವನ್ನು ಬುಡದಲ್ಲಿ ತಳ್ಳಿದರೆ ಜಾರುತ್ತದೆ, ತಲೆಯಲ್ಲಿ ತಳ್ಳಿದರೆ ಮಗುಚಿ ಬೀಳುತ್ತದೆ. ಇದೂ ಹಾಗೆಯೇ. ಎಂಜಿನ್ ಮೂಗಿನಲ್ಲಿರುವ ವಿಮಾನಕ್ಕೆ ಕೆಳಗೆ ನೋಡುವ ಬೆಣೆ ಸರಿ. ಎಂಜಿನ್ ನೆತ್ತಿಯ ಮೇಲಿದ್ದರೆ ಅದು ಮೊದಲೇ ಮೂಗನ್ನು ಒತ್ತುತ್ತಿರುತ್ತದೆ. ಮೇಲಿಂದ ಅರ್ವಿಡನ ಬೆಣೆ ಬೇರೆ ಇನ್ನಷ್ಟು ಒತ್ತುತ್ತಿದೆ. ಈ ವಿಮಾನದ ಎಂಜಿನ್ ಮೇಲಕ್ಕೆ ನೋಡಬೇಕು.

ಬೆಣೆ ತೆಗೆದುಹಾಕಿ ಬೇರೆ ಮಾಡಿಸಿದರೆ? ಅರ್ವಿಡನಷ್ಟು ನಯವಾಗಿ ಉಜ್ಜುವವರು ಆ ಸುತ್ತಿನಲ್ಲಿ ಇರಲಿಲ್ಲ. ಇದ್ದರೂ, ಅವನು ಹೆಸರು ಹೊಡೆದು ಕೊಟ್ಟಿದ್ದನ್ನು ಮೂಲೆಗೆ ಎಸೆಯಲು ಅವಳಿಗೆ ಮನಸ್ಸಿರಲಿಲ್ಲ. ಮೇಲೆ ದಪ್ಪ ಇದ್ದದ್ದನ್ನು ಕೆಳಗೆ ಮಾಡಿದರಾಯಿತು ಎಂದುಕೊಂಡಳು. ನಾಲ್ಕು ಬೋಲ್ಟು ಬಿಚ್ಚಿ, ಬೆಣೆಯನ್ನು ಗಾಲಿಯಂತೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದಳು. ಹೆಸರು ತಲೆಕೆಳಗಾಗಿ ಮೇಲಂಚಿನಲ್ಲಿ ಕಾಣುತ್ತಿತ್ತು.

ಮುಂದಿನ ಭಾನುವಾರ ಹಲಗೆಕಟ್ಟೆಯ ಮೇಲೆ ಎಲ್ಲರೂ ಇದ್ದರು. ಗುನ್‌ವೊರ್ ರೇಸ್ ಕೊಟ್ಟಳು. ಮೂಗು ಮುಳುಗಲಿಲ್ಲ! ಅವಳ ಎದೆ ಹಗುರಾಗುವಷ್ಟರಲ್ಲಿ ವಿಮಾನ ಎಡಕ್ಕೆ ಎಳೆಯಿತು. ಅವಳು ಬಲಕ್ಕೆ ತಿರುಗಿಸಿದಷ್ಟೂ ಅದು ಎಡಕ್ಕೇ ಹೋಯಿತು. ರೆಕ್ಕೆ ತುದಿಯ ತೇಲುಬುಂಡೆ ನೀರಿಗೆ ಸಿಕ್ಕಿ, ಸರ್ರನೆ ಸುತ್ತಿ, ನೇರ ಜೊಂಡಿನೊಳಗೆ ನುಗ್ಗಿತು. ಒಳಗಿನಿಂದ ಒಂದು ಹಿಂಡು ಬಾತುಗಳು ಬೈಯುತ್ತ ಎದ್ದವು.

"ಅವೆಲ್ಲಾ ಏಳ್ತವೆ, ಇದೊಂದು ಬಿಟ್ಟು," ಎಂದ ಹೆಲ್ಮೆರ್.

ದೋಣಿಯಿಂದ ವಿಮಾನ ಎತ್ತಿಕೊಂಡು ಬಂದಾಗ ಅರ್ವಿಡ್ ಬಾಗಿ ನೋಡಿದ. ತಲೆಕೆಳಗಾದ ಹೆಸರನ್ನು ಓದಲು ಅವನೂ ಕತ್ತು ಓರೆ ಮಾಡಬೇಕಾಯಿತು. ಆಮೇಲೆ ನೆಟ್ಟಗೆ ನಿಂತ.

"ಇದೇನಿದು?"

"ಈ ಎಂಜಿನ್ ಮೇಲಕ್ಕೆ ನೋಡ್ಬೇಕು ಅರ್ವಿಡ್. ಎತ್ತರದಲ್ಲಿದೆಯಲ್ಲ."

"ಮೂವತ್ತೆರಡು ಬೆಣೆ ಮಾಡಿದೀನಿ. ಮೂವತ್ತೆರಡೂ ಹಾರಿವೆ."

"ಮೂವತ್ತೆರಡ್ರಲ್ಲೂ ಎಂಜಿನ್ ಮೂಗಲ್ಲಿತ್ತು."

ಮುದುಕ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. "ಬೇಡ ಅನ್ಸಿದ್ರೆ ವಾಪಸ್ ಕೊಡು. ತಿರುಗಿಸಿ ಹಾಕ್ಬೇಡ," ಎಂದು ಕಾಫಿ ಫ್ಲಾಸ್ಕ್ ಇದ್ದ ಕಡೆ ಹೋದ.

ಹೆಲ್ಮೆರ್ ಹತ್ತಿರ ಬಂದ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ನೋಡು ಗುನ್‌ವೊರ್, ನೀನು ಹಾರಿಸೋಕೆ ನಿಂತ್ರೆ ದೋಣಿಗೆ ಯಾರು? ನಿನ್ನಷ್ಟು ಚೆನ್ನಾಗಿ ಹುಟ್ಟು ಹಾಕೋರು ನಮ್ಮಲ್ಲಿ ಯಾರಿದಾರೆ ಹೇಳು? ಅಷ್ಟೇ ನಾನು ಹೇಳೋದು."

ಅಷ್ಟೇ ಅವನು ಹೇಳಿದ್ದು, ಮತ್ತು ಅಷ್ಟೇ ನಿಜವೂ ಆಗಿತ್ತು. ಅವಳು ಮುಳುಗುವುದರಿಂದ ಯಾರಿಗೂ ನಷ್ಟವಿರಲಿಲ್ಲ. ಏಳುವುದರಿಂದ ಇತ್ತು.

"ಕೊನೇ ಭಾನುವಾರ ನನ್ನ ಹೆಸರು ಬರ್ಕೊಳ್ಳಿ," ಎಂದಷ್ಟೇ ಹೇಳಿ ಅವಳು ದೋಣಿ ಎಳೆದು ಕಟ್ಟಿದಳು.

ಮನೆಯಲ್ಲಿ ಅವಳ ಗಂಡ ಸ್ಟೂರೆ ಹಾಲಿನ ಲಾರಿ ಓಡಿಸಿ ಬಂದು ರೊಟ್ಟಿಗೆ ಚೀಸ್ ಹೆರೆಯುತ್ತಿದ್ದ. ಮದುವೆಯಾದ ಲಾಗಾಯ್ತಿನಿಂದ ಗಂಡ ಹೆಂಡಿರ ನಡುವೆ ಆ ಚೀಸ್ ಗಡ್ಡೆಯದೊಂದು ವ್ಯಾಜ್ಯ. ಹೆರೆಯುವವನು ಸಮನಾಗಿ ಹೆರೆಯಬೇಕು. ಒಂದೇ ಕಡೆ ಹೆರೆದು ಗಡ್ಡೆಯನ್ನು ಹಿಮದ ಇಳಿಜಾರು ಮಾಡಿಟ್ಟರೆ ಆ ಸೀಮೆಯಲ್ಲಿ ಅಂಥವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಸ್ಟೂರೆಯದು ಇನ್ನೂ ಒಂದು ಕೈ ಮೇಲೆ. ಅವನ ಗಡ್ಡೆ ಹಿಂದಿನಿಂದ ಮುಂದಕ್ಕೂ ಇಳಿಯುತ್ತಿತ್ತು, ಎಡದಿಂದ ಬಲಕ್ಕೂ ಇಳಿಯುತ್ತಿತ್ತು.

"ಮತ್ತೆ ಸ್ಕೀ ಆಡೋ ಗುಡ್ಡ ಮಾಡಿಟ್ಯಲ್ಲ," ಎಂದಳು ಅಭ್ಯಾಸಬಲದಿಂದ.

"ಒಳ್ಳೇ ಹಿಮ ಬಿದ್ದಿತ್ತು," ಎಂದ ಸ್ಟೂರೆ.

ಅವಳು ಬೈಯಲಿಲ್ಲ. ಗಡ್ಡೆಯನ್ನೇ ನೋಡುತ್ತ ಕೂತಳು. ಆಮೇಲೆ ಅದನ್ನು ಮೇಜಿನ ಮೇಲೆ ಗಾಲಿಯಂತೆ ಅರ್ಧ ಸುತ್ತು ತಿರುಗಿಸಿದಳು. ಹಿಂದೆ ದಪ್ಪವಿದ್ದದ್ದು ಮುಂದೆ ಬಂತು. ಎಡದ ದಪ್ಪವೂ ಬಲಕ್ಕೆ ಹೋಯಿತು.

"ಅಯ್ಯೋ ನನ್ನ ಬುದ್ಧಿಗೆ!" ಎಂದಳು. "ಎರಡೂ ತಿರುಗುತ್ತೆ!"

"ಏನು ತಿರುಗುತ್ತೆ?"

"ಮೇಲೆ ನೋಡ್ಲಿ ಅಂತ ತಿರುಗಿಸ್ದೆ. ಬಲಕ್ಕೆ ನೋಡ್ತಿದ್ದದ್ದು ಎಡಕ್ಕೆ ನೋಡ್ತು. ಜೊಂಡಿಗೆ ಹೋಗ್ದೆ ಇನ್ನೆಲ್ಲಿಗೆ ಹೋಗುತ್ತೆ?"

ಗಡ್ಡೆಯನ್ನು ಮೊದಲಿನ ಹಾಗೆ ಇಟ್ಟಳು. ಈ ಸಲ ಗಾಲಿಯಂತೆ ತಿರುಗಿಸಲಿಲ್ಲ. ಕಾವಲಿಯ ಮೇಲಿನ ದೋಸೆ ಮಗುಚಿದಂತೆ, ಹಿಂದಿನಂಚು ಹಿಡಿದು ತನ್ನ ಕಡೆಗೆ ಮಗುಚಿದಳು. ಹಿಂದಿನ ದಪ್ಪ ಮುಂದಕ್ಕೆ ಬಂತು. ಎಡದ ದಪ್ಪ ಎಡದಲ್ಲೇ ಉಳಿಯಿತು. ಎರಡು ಸಲ ಮಗುಚಿ ನೋಡಿದಳು, ಮೂರು ಸಲ ಮಗುಚಿ ನೋಡಿದಳು.

"ನಾನು ಅದನ್ನ ತಿನ್ಬೇಕು ಮಾರಾಯ್ತಿ," ಎಂದ ಸ್ಟೂರೆ.

"ತಿನ್ನು. ಮೂವತ್ತು ವರ್ಷದಲ್ಲಿ ಇದೊಂದು ಸಲ ಸರಿಯಾಗಿ ಹೆರೆದಿದೀಯ. ಬುಧವಾರ ನಂಗೆ ದೋಣಿ ನಡೆಸ್ಬೇಕು ನೀನು."

"ನಂಗೆ ಲಾರಿ ಬರುತ್ತೆ, ದೋಣಿ ಬರಲ್ಲ."

"ಕಲೀತೀಯ."

ಬುಧವಾರ ಸಂಜೆ ಕೆರೆಯ ಆಚೆ ಮೂಲೆಯಲ್ಲಿ, ಸ್ಟೂರೆ ದೋಣಿಯಲ್ಲಿ ಬುಗುರಿಯಂತೆ ಸುತ್ತುತ್ತಿರುವಾಗ, ಮಗುಚಿದ ಬೆಣೆಯ ವಿಮಾನ ಮೊದಲ ಸಲ ನೀರು ಬಿಟ್ಟಿತು. ಅದು ಎದ್ದಾಗ ಗುನ್‌ವೊರ್ ಕೂಗಲಿಲ್ಲ, ಕುಣಿಯಲಿಲ್ಲ. ನಡೆ ನೋಡಿದಳು. ಎತ್ತರಕ್ಕೆ ಹೋದ ಮೇಲೆ ಎಂಜಿನ್ ತಗ್ಗಿಸಿದಳು, ಏರಿಸಿದಳು. ಏರಿಸಿದಾಗ ಮೂಗು ಇನ್ನೂ ಒಂದು ಕೂದಲೆಳೆ ಕೆಳಗೆ ಬಾಗುತ್ತಿತ್ತು. ಇಳಿಸಿಕೊಂಡು, ಊಟಕ್ಕೆ ತಂದಿದ್ದ ಹೆರಿಂಗ್ ಮೀನಿನ ಡಬ್ಬದ ಮುಚ್ಚಳದಿಂದ ಎರಡು ಚೂರು ಕತ್ತರಿಸಿ, ಕೆಳಗಿನ ಎರಡು ಬೋಲ್ಟುಗಳ ಹಿಂದೆ ಒಂದೊಂದು ಸೇರಿಸಿದಳು. ಹಾರಿಸಿದಳು. ಹೆಚ್ಚಾಯಿತು, ಈಗ ಮೂಗು ಏಳುತ್ತಿತ್ತು. ತೆಗೆದು, ಚೂರುಗಳನ್ನು ಕಲ್ಲಿನ ಮೇಲೆ ಉಜ್ಜಿ ತೆಳು ಮಾಡಿ, ಮತ್ತೆ ಹಾಕಿದಳು. ಕತ್ತಲಾಗುವವರೆಗೆ ಒಂಬತ್ತು ಸಲ ಬಿಚ್ಚಿದಳು, ಒಂಬತ್ತು ಸಲ ಬಿಗಿದಳು. ಸ್ಟೂರೆಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಕೊನೆಯ ಭಾನುವಾರ ಬೆಳಿಗ್ಗೆ ಮೋಡ ಕೆಳಗಿತ್ತು. ಸಂಜೆಯ ಏಡಿ ಊಟಕ್ಕೆಂದು ಯಾರೋ ಆಗಲೇ ಮರದಿಂದ ಮರಕ್ಕೆ ಕಾಗದದ ದೀಪ ಕಟ್ಟಿದ್ದರು. ಅರ್ವಿಡ್ ಅವಳ ವಿಮಾನವನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದ. ಎಂಜಿನ್ನಿನ ಬಳಿ ಬೆರಳು ನಿಂತಿತು.

"ಹೆಸರು ಎಲ್ಲಿ?"

"ಒಳಗಡೆ ಇದೆ. ಕಂಬದ ಕಡೆ ನೋಡ್ತಾ ಇದೆ."

"ನನ್ನದೇ ಬೆಣೆಯೋ?"

"ನಿಂದೇ. ಹೋದ ಸಲ ತಿರುಗಿಸಿದ್ದು ನನ್ನ ತಪ್ಪು. ಮಗುಚ್ಬೇಕಿತ್ತು."

ಅರ್ವಿಡ್ ಜೇಬಿನಿಂದ ಕೋನ ಅಳೆಯುವ ಉಪಕರಣ ತೆಗೆದ. ಕನ್ನಡಕ ಹಾಕಿಕೊಂಡು ಎರಡು ಸಲ ಅಳೆದ. "ಬಲಕ್ಕೆ ಎರಡು," ಎಂದ. ಉಪಕರಣವನ್ನು ಕಣ್ಣಿಗೆ ಹತ್ತಿರ ತಂದು, "ಮೇಲಕ್ಕೆ ಎರಡೂವರೆ. ಆ ಅರ್ಧ ಎಲ್ಲಿಂದ ಬಂತು?"

"ಹೆರಿಂಗ್ ಡಬ್ಬ."

"ಹೂಂ." ಅವನು ಕನ್ನಡಕ ತೆಗೆದು ಒರೆಸಿದ. "ಮುಳುಗಿದ್ರೆ?"

"ಎತ್ಕೊಂಡು ಬರ್ತೀನಿ. ಹನ್ನೊಂದು ವರ್ಷ ಅದೇ ತಾನೆ ಮಾಡಿದ್ದು?"

ಅರ್ವಿಡ್ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಒಂದು ಗೆರೆ ಎಳೆದ. ಹಾರಿಸಬಹುದು ಎಂದು ಅರ್ಥ.

ಮೊದಲ ಸಲ ಎದ್ದಿತು, ಇಳಿಯಿತು. ಎರಡನೆಯ ಸಲವೂ. ಅಷ್ಟರಲ್ಲಿ ಆಚೆ ದಡದ ಬರ್ಚ್ ಮರಗಳು ಎಲೆಯ ಬೆನ್ನು ತೋರಿಸಿದವು. ಗಾಳಿ ಬಂತು. ನೀರಿನ ಮೇಲೆ ಎದ್ದದ್ದು ಮೊಳಕಾಲೆತ್ತರದ ಅಲೆ ಅಲ್ಲದಿದ್ದರೂ, ಆ ಪುಟ್ಟ ವಿಮಾನಕ್ಕೆ ಅದು ಸಮುದ್ರವೇ. ದೋಣಿಯಲ್ಲಿ ಸ್ಟೂರೆ ಹುಟ್ಟು ಬಿಟ್ಟು ಎರಡೂ ಅಂಚು ಹಿಡಿದುಕೊಂಡಿದ್ದ.

"ಸಾಕು ಬಿಡು," ಎಂದ ಹೆಲ್ಮೆರ್. "ಎರಡಾಯ್ತಲ್ಲ. ಇಷ್ಟು ಗಾಳೀಲಿ ನಾನೂ ಬಿಡಲ್ಲ. ಮುಂದಿನ ವರ್ಷ ಒಂದು ಮಾಡಿದ್ರಾಯ್ತು."

"ಹಂಗೆಲ್ಲ ಕಂತಿನಲ್ಲಿ ಇಲ್ಲ," ಎಂದ ಅರ್ವಿಡ್. "ಮೂರೂ ಒಂದೇ ದಿನ. ನಿನ್ನಿಷ್ಟ ಹುಡುಗಿ."

ಗುನ್‌ವೊರ್ ಗಾಳಿಗೆ ಮುಖ ಕೊಟ್ಟು ನಿಂತಳು. ದೋಣಿಯಲ್ಲಿ ಕೂತು ಅವಳು ಅಲೆಗಳನ್ನು ಬಹಳ ನೋಡಿದ್ದಳು. ಮೂರು ದೊಡ್ಡವು ಬಂದ ಮೇಲೆ ಸ್ವಲ್ಪ ಹೊತ್ತು ಸಣ್ಣವು ಬರುತ್ತವೆ. ಎಣಿಸಿದಳು. ಮೂರನೆಯದು ಹಲಗೆಕಟ್ಟೆಗೆ ಬಡಿದದ್ದೇ ರೇಸ್ ಕೊಟ್ಟಳು.

ವಿಮಾನ ಒಂದು ಅಲೆಗೆ ಹಾರಿತು, ಇನ್ನೊಂದಕ್ಕೆ ಬಡಿಯಿತು. ನೀರು ರೆಕ್ಕೆಯ ಮೇಲೆ ಚೆಲ್ಲಿತು, ಎಂಜಿನ್ನಿಗೆ ಮುಟ್ಟಲಿಲ್ಲ. ಬೆಣೆ ಮೊದಲಿನಂತೆಯೇ ಇದ್ದಿದ್ದರೆ ಇಲ್ಲೇ ಮುಳುಗುತ್ತಿತ್ತು. ಮೂಗು ಮೇಲೇ ಇತ್ತು. ಮೂರನೆಯ ಅಲೆಯ ನೆತ್ತಿಯಿಂದ ಅದು ಮತ್ತೆ ಕೆಳಗೆ ಬರಲಿಲ್ಲ.

ಮೇಲೆ ಒಂದು ಸುತ್ತು ಹಾಕಿಸಿ, ಗಾಳಿಗೆದುರಾಗಿ ತಂದಳು. "ಈಗ," ಎಂದ ಅರ್ವಿಡ್. ಅವಳು ಎಂಜಿನ್ ತಗ್ಗಿಸಿ, ಬಲಗೈಯನ್ನು ಪೆಟ್ಟಿಗೆಯಿಂದ ಎತ್ತಿ, ಎಲ್ಲರಿಗೂ ಕಾಣುವಂತೆ ಗಾಳಿಯಲ್ಲಿ ಹಿಡಿದಳು. ಸದ್ದು ತಗ್ಗಿತು. ವಿಮಾನ ನೆಟ್ಟಗೆ, ಮೆಲ್ಲಗೆ ಜಾರಿತು. ಎಡಗೈಯಿಂದ ಪೂರ್ತಿ ರೇಸ್ ಕೊಟ್ಟಳು. ಸದ್ದು ಏರಿತು. ಮೂಗು ಬಾಗಲಿಲ್ಲ, ಏಳಲಿಲ್ಲ, ಎಡಕ್ಕೂ ಹೋಗಲಿಲ್ಲ. ಕುಂಟು ವಾಸಿಯಾದ ಹಸು ಹಟ್ಟಿಯ ಅಂಗಳ ದಾಟಿದಂತೆ, ತನ್ನ ಪಾಡಿಗೆ ತಾನು, ಮೋಡದ ಕೆಳಗೆ ದಾಟಿ ಹೋಯಿತು.

ಇಳಿಯುವಾಗ ಎರಡು ಸಲ ಪುಟಿಯಿತು. ಆದರೂ ಇಳಿಯಿತು, ತೇಲಿತು, ತಾನಾಗಿಯೇ ಹಲಗೆಕಟ್ಟೆಯ ತನಕ ಬಂತು.

ಯಾರೋ ಚಪ್ಪಾಳೆ ತಟ್ಟಿದರು. ಅರ್ವಿಡ್ ತಟ್ಟಲಿಲ್ಲ. ಮೇಜಿನ ಬಳಿ ಕೂತು, ನಾಲ್ಕು ಬೋಲ್ಟು ಬಿಚ್ಚಿ, ಬೆಣೆ ಹೊರತೆಗೆದು, ಹೆಸರಿಲ್ಲದ ಮುಖ ಮೇಲೆ ಮಾಡಿ ಇಟ್ಟುಕೊಂಡ. ಚೀಲದಿಂದ ಅಕ್ಷರದ ಅಚ್ಚುಗಳ ಡಬ್ಬವನ್ನೂ ಸುತ್ತಿಗೆಯನ್ನೂ ತೆಗೆದ.

"ಮುಂದಿನ ಭಾನುವಾರ ದೋಣಿಗೆ ಯಾರು, ಅದು ಹೇಳಿ ಈಗ," ಎಂದ ಹೆಲ್ಮೆರ್.

"ಸರದಿ," ಎಂದ ಅರ್ವಿಡ್, ಮೊದಲ ಅಕ್ಷರ ಹೊಡೆಯುತ್ತ. "ಅಕ್ಷರಮಾಲೆ ಪ್ರಕಾರ. ಮೊದ್ಲು ನಾನು. ಆಮೇಲೆ ಇವ್ಳು. ಅದಾದ್ಮೇಲೆ ನೀನು."

"ನಂಗೆ ಹುಟ್ಟು ಹಾಕೋಕೇ ಬರಲ್ವಲ್ಲ ಮಾರಾಯ!"

"ಕಲೀತೀಯ," ಎಂದಳು ಗುನ್‌ವೊರ್. "ಈಗ್ಲೇ ಶುರು ಮಾಡು. ಅಲ್ನೋಡು, ನನ್ನ ಗಂಡ ಜೊಂಡಿನೊಳಗೆ ಸಿಕ್ಕಾಕ್ಕೊಂಡಿದಾನೆ."

ಎಲ್ಲರೂ ತಿರುಗಿ ನೋಡಿದರು. ದೂರದಲ್ಲಿ ಸ್ಟೂರೆ ಒಂದು ಹುಟ್ಟನ್ನು ಎತ್ತಿ ಬೀಸುತ್ತಿದ್ದ; ಇನ್ನೊಂದು ನೀರಿನಲ್ಲಿ ತನ್ನಷ್ಟಕ್ಕೆ ತಾನು ದೂರ ಹೋಗುತ್ತಿತ್ತು. ಹೆಲ್ಮೆರ್ ಗೊಣಗುತ್ತ ಪ್ಯಾಂಟು ಮಡಿಸಲು ಬಾಗಿದ. ಗುನ್‌ವೊರ್ ಮೇಜಿನ ಪಕ್ಕದಲ್ಲೇ ನಿಂತಳು, ಅರ್ವಿಡನ ಸುತ್ತಿಗೆ ಕೊನೆಯ ಅಕ್ಷರ ಮುಗಿಸುವವರೆಗೆ.